ಡಿಎನ್‌ಎ ಕತ್ತರಿಸುವ ಕಿಣ್ವಗಳು ಬೆಂಗಳೂರಿಗೆ ಬಂದ ಬಗೆ

ಒಂದು ತಳಿಯ ಬ್ಯಾಕ್ಟೀರಿಯಾದಲ್ಲಿ ಹುಲುಸಾಗಿ ಬೆಳೆದ ವೈರಸ್ ಮತ್ತೊಂದು ತಳಿಯೊಳಗೆ ಹೊಕ್ಕಾಗ ಸೊರಗಿಹೋಗುವುದನ್ನು 1950ರ ದಶಕದ ಆರಂಭದಲ್ಲೇ ವಿಜ್ಞಾನಿಗಳು ಗಮನಿಸಿದ್ದರಾದರೂ, ಅದರ ಗುಟ್ಟನ್ನು ಬಿಡಿಸಿದ್ದು 1960ರ ದಶಕದಲ್ಲಿ, ಸ್ವಿಟ್ಜರ್ಲೆಂಡಿನ ವರ್ನರ್ ಆರ್ಬರ್. ಬ್ಯಾಕ್ಟೀರಿಯಾ ಒಂದು ಕಿಣ್ವದಿಂದ ಹೊರಗಿನ ಡಿಎನ್‌ಎಯನ್ನು ತುಂಡರಿಸುತ್ತದೆ. ಇನ್ನೊಂದು ಕಿಣ್ವದಿಂದ ತನ್ನ ಡಿಎನ್‌ಎಗೆ ಮೀಥೈಲ್ ಎಂಬ ಸಣ್ಣ ರಾಸಾಯನಿಕ ಗುಂಪನ್ನು ಸೇರಿಸಿ, ಕತ್ತರಿಗೆ ಸಿಗದಂತೆ ಕಾಪಾಡಿಕೊಳ್ಳುತ್ತದೆ. ಹೀಗೆ ಕತ್ತರಿಸುವ ಕಿಣ್ವಕ್ಕೆ ನಿರ್ಬಂಧಕ ಕಿಣ್ವವೆಂದು ಹೆಸರು. ಅದು ಗೊತ್ತಾದ ಅಕ್ಷರಸರಣಿಯಲ್ಲೇ ಕಡಿಯುತ್ತದೆಂದು ಹ್ಯಾಮಿಲ್ಟನ್ ಸ್ಮಿತ್ 1970ರಲ್ಲಿ ತೋರಿಸಿದರು. ಡೇನಿಯಲ್ ನೇಥನ್ಸ್ ಅದನ್ನು ವೈರಸ್‌ನ ವಂಶವಾಹಿ ನಕ್ಷೆ ಬರೆಯಲು ಬಳಸಿದರು. ಮೂವರಿಗೂ 1978ರ ನೊಬೆಲ್ ದೊರೆಯಿತು.

ಲ್ಯಾಂಬ್ಡಾ ವೈರಸ್‌ನ 48,502 ಜೋಡಿ ಅಕ್ಷರಗಳ ಡಿಎನ್‌ಎಗೆ ಹಿಂಡ್‌–3 ಎಂಬ ಕಿಣ್ವವನ್ನು ಬೆರೆಸಿ, 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಂದು ಗಂಟೆ ಇಟ್ಟು, ಅಗರೋಸ್ ಜೆಲ್‌ನಲ್ಲಿ ವಿದ್ಯುತ್ ಹರಿಸಿದರೆ, ಅದು ಎಂಟು ತುಣುಕುಗಳಾಗಿ ಒಡೆದಿರುವುದು ತಿಳಿಯುತ್ತದೆ. ಚಿಕ್ಕ ತುಣುಕು ಮುಂದೆ ಓಡುತ್ತದೆ, ದೊಡ್ಡದು ಹಿಂದೆ ಉಳಿಯುತ್ತದೆ.

ಮೈನಸ್ 20 ಡಿಗ್ರಿಯಲ್ಲಿ ಇಡಬೇಕಾದ ಇಂಥ ಕಿಣ್ವಗಳನ್ನು ವಿದೇಶದಿಂದ ತರಿಸುವುದು ದುಬಾರಿ. ಹಾದಿಯಲ್ಲಿ ಶೀತ ತಪ್ಪಿದರೆ ಸತ್ವವೇ ಹೋಗುತ್ತದೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಸೂಕ್ಷ್ಮ ಹುಳುಗಳ ವಂಶವಾಹಿಗಳನ್ನು ಅಧ್ಯಯನ ಮಾಡಿದ್ದ ಪಿ. ಬಾಬು ಅವರು 1989ರಲ್ಲಿ ಬೆಂಗಳೂರು ಜೀನೀ ಕಂಪನಿಯನ್ನು ಸ್ಥಾಪಿಸಿ, ಇವುಗಳನ್ನು ಇಲ್ಲಿಯೇ ತಯಾರಿಸತೊಡಗಿದ್ದು ಆ ಕಾರಣಕ್ಕೆ ದೊಡ್ಡ ಹೆಜ್ಜೆ.

ತಯಾರಿಕೆಗಿಂತ ಆಳವಾದ ಕೆಲಸ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆಯಿತು. ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾದ ಕೆಪಿಎನ್‌–1 ಕಿಣ್ವವನ್ನು ಪರಿಶೀಲಿಸಿದ ವಿ. ನಾಗರಾಜ ಅವರ ತಂಡವು, ಮೆಗ್ನೀಸಿಯಂ ಇದ್ದಾಗ ಅದು ತನ್ನದಲ್ಲದ ಸ್ಥಳಗಳಲ್ಲೂ ಕಡಿಯುತ್ತದೆ, ಕ್ಯಾಲ್ಸಿಯಂ ಸೇರಿದರೆ ತನ್ನ ಸರಣಿಗಷ್ಟೇ ನಿಲ್ಲುತ್ತದೆ ಎಂಬುದನ್ನು 2004ರಲ್ಲಿ ಪ್ರಕಟಿಸಿತು. ಬಹುತೇಕ ನಿರ್ಬಂಧಕ ಕಿಣ್ವಗಳ ಚಟುವಟಿಕೆಯನ್ನು ಕ್ಯಾಲ್ಸಿಯಂ ತಡೆಯುತ್ತದೆಂಬುದನ್ನು ನೆನೆದರೆ ಇದರ ಮಹತ್ವ ತಿಳಿಯುತ್ತದೆ.

2020ರಲ್ಲಿ ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಜನರ ಗಂಟಲ ದ್ರವದಲ್ಲಿ ಕೊರೊನಾ ಹುಡುಕಿದ್ದೂ ಬೇರೆ ಬಗೆಯ ಕಿಣ್ವಗಳ ಬಲದಿಂದಲೇ: ಆರ್‌ಟಿ–ಪಿಸಿಆರ್‌ನಲ್ಲಿ ಒಂದು ಕಿಣ್ವವು ಆರ್‌ಎನ್‌ಎಯನ್ನು ಡಿಎನ್‌ಎ ಆಗಿ ನಕಲಿಸುತ್ತದೆ, ಇನ್ನೊಂದು ಅದನ್ನು ಲಕ್ಷಾಂತರ ಪ್ರತಿಗಳಾಗಿ ಹೆಚ್ಚಿಸುತ್ತದೆ. ಈ ತಾಲ್ಲೂಕುಗಳ ಪದವಿ ಕಾಲೇಜುಗಳಲ್ಲಿ ಲ್ಯಾಂಬ್ಡಾ ಡಿಎನ್‌ಎಯ ಆ ಒಂದು ಗಂಟೆಯ ಪ್ರಯೋಗವನ್ನು ಪ್ರತಿ ವಿಜ್ಞಾನ ವಿದ್ಯಾರ್ಥಿಯೂ ಸ್ವತಃ ಮಾಡುವಂತಾಗಬೇಕು. ಅದಕ್ಕೆ ಬೇಕಾದ ಫ್ರೀಜರ್ ಮತ್ತು ಜೆಲ್ ಪೆಟ್ಟಿಗೆಯನ್ನು ಸರ್ಕಾರ ಒದಗಿಸಬೇಕು.