ಒಳಗೆ ಕಪ್ಪು, ಹೊರಗೆ ಕೆಂಪು

ಬೀರೂರು ಜಂಕ್ಷನ್ನಿನಲ್ಲಿ ರೈಲು ಎರಡು ದಾರಿ ಹಿಡಿಯುತ್ತದೆ. ಒಂದು ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ, ಇನ್ನೊಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿಯ ಕಡೆಗೆ. ಕಿಟಕಿ ಪಕ್ಕ ಕೂತವರಿಗೆ ಬೋರ್ಡು ನೋಡದಿದ್ದರೂ ಯಾವ ದಾರಿ ಎಂದು ಗೊತ್ತಾಗುತ್ತದೆ. ತರೀಕೆರೆಯ ಕಡೆ ಅಡಿಕೆ ತೋಟಗಳ ನಡುವೆ ಕೆಂಪು ನೆಲ. ಅಜ್ಜಂಪುರ, ಶಿವನಿಯ ಕಡೆ ಈರುಳ್ಳಿ ಬೆಳೆಯುವ ಕಪ್ಪು ಎರೆ. ಈ ಎರಡು ಬಣ್ಣಗಳನ್ನು ಒಂದೇ ಮಡಕೆಯಲ್ಲಿ ಕೂಡಿಸಿದ ಜನ ಈ ನಾಡಿನಲ್ಲಿ ಸುಮಾರು ಮೂರು ಸಾವಿರ ವರ್ಷಗಳ ಹಿಂದೆ ಬದುಕಿದ್ದರು. ಒಳಮೈ ಮತ್ತು ಬಾಯಂಚು ಕಾಡಿಗೆಯಂತೆ ಕಪ್ಪು, ಹೊರಮೈಯ ಕೆಳಭಾಗ ಕೆಂಪು. ಪುರಾತತ್ವದವರು ಇದನ್ನು ‘ಕಪ್ಪು-ಕೆಂಪು ಮಡಕೆ’ ಎಂದು ಕರೆಯುತ್ತಾರೆ.

ಈ ಮಡಕೆಗೆ ಬಹು ದೂರದಲ್ಲಿ, ಬಹು ಹಿಂದೆ, ಒಂದು ಜೋಡಿ ಇದೆ. ಈಜಿಪ್ಟಿನಲ್ಲಿ ಪಿರಮಿಡ್ಡುಗಳಿಗೂ ಅಕ್ಷರಕ್ಕೂ ಮೊದಲು, ಕ್ರಿ.ಪೂ. 4400ರ ಹೊತ್ತಿಗೆ, ನೈಲ್ ದಡದ ಬದಾರಿಯ ಜನ ಕಪ್ಪು ಬಾಯಿಯ ಕೆಂಪು ಮಡಕೆ ಮಾಡುತ್ತಿದ್ದರು. ನದಿಯ ಮೆಕ್ಕಲು ಮಣ್ಣು, ತಿಗರಿಯಿಲ್ಲದ ಕೈಕೆಲಸ, ಹಲವು ಪಾತ್ರೆಗಳ ಗೋಡೆ ಆಶ್ಚರ್ಯವಾಗುವಷ್ಟು ತೆಳು. ಮೈಮೇಲೆ ಬಾಚಣಿಗೆ ಎಳೆದಂಥ ಅಲೆಗೆರೆ, ಅದರ ಮೇಲೆ ನುಣುಪುಗಲ್ಲಿನಿಂದ ಉಜ್ಜಿದ ಹೊಳಪು.

ಅಲ್ಲಿನ ಮಡಕೆಗೂ ಇಲ್ಲಿನ ಮಡಕೆಗೂ ನಡುವೆ ಮೂರು ಸಾವಿರ ವರ್ಷಗಳಿಗೂ ಹೆಚ್ಚಿನ ಅಂತರ. ಯಾರೂ ಯಾರಿಂದಲೂ ಕಲಿಯಬೇಕಾಗಿರಲಿಲ್ಲ ಎಂದೇ ನನ್ನ ನಂಬಿಕೆ. ಎರಡೂ ಕಡೆ ಕಲಿಸಿದ ಗುರು ಬೆಂಕಿ.

ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದೇ ಇರುತ್ತದೆ. ಸುಡುವಾಗ ಗಾಳಿ ಧಾರಾಳವಾಗಿ ಸಿಕ್ಕರೆ ಆ ಕಬ್ಬಿಣ ತುಕ್ಕಿನ ಬಣ್ಣಕ್ಕೆ ತಿರುಗಿ ಮಡಕೆ ಕೆಂಪಾಗುತ್ತದೆ. ಗಾಳಿ ಕಟ್ಟಿದರೆ ಅದೇ ಕಬ್ಬಿಣ ಕಪ್ಪಾಗುತ್ತದೆ. ಹೊಗೆಯ ಮಸಿ ಮಣ್ಣಿನ ರಂಧ್ರಗಳಿಗೆ ಇಳಿದು ಆ ಕಪ್ಪನ್ನು ಇನ್ನೂ ಗಾಢವಾಗಿಸುತ್ತದೆ. ಹಾಗಾಗಿ ಈ ಕಪ್ಪು ಎರೆಮಣ್ಣಿನಿಂದ ಬಂದದ್ದಲ್ಲ, ಹೊಗೆಯಿಂದ ಬಂದದ್ದು. ಮಡಕೆಯನ್ನು ಬೋರಲು ಹಾಕಿ, ಒಳಗೆ ಹೊಟ್ಟು, ಎಲೆ, ಹುಲ್ಲು ತುಂಬಿ ಸುಟ್ಟರೆ ಒಳಗೆ ಗಾಳಿಯಾಡದೆ ಕಪ್ಪು, ಹೊರಗೆ ಗಾಳಿಯಾಡಿ ಕೆಂಪು. ಒಂದೇ ಸುಡುವಿಕೆಯಲ್ಲಿ ಎರಡೂ ಬಣ್ಣ ತೆಗೆದರು ಎನ್ನುವವರಿದ್ದಾರೆ. ಮೊದಲು ಕೆಂಪಾಗಿ ಸುಟ್ಟು, ಕೆಂಡದಂತಿರುವಾಗಲೇ ಎತ್ತಿ ಹೊಟ್ಟಿನೊಳಗೆ ಬಾಯಿ ಊರಿದರು ಎನ್ನುವವರೂ ಇದ್ದಾರೆ. ಹೇಗೇ ಮಾಡಿರಲಿ, ಬಣ್ಣ ಬಳಿಯದೆ ಬರೀ ಗಾಳಿಯನ್ನು ಹಿಡಿದು ಬಿಟ್ಟು ಬಣ್ಣ ತೆಗೆದರಲ್ಲ, ಆ ಕೈಗೆ ನಾನು ಶರಣು.

ಕೆಂಪು ಗಾಢವಾಗಲು ಮಡಕೆಗೆ ಕೆಮ್ಮಣ್ಣಿನ ಲೇಪ ಕೊಡುತ್ತಿದ್ದರು. ತರೀಕೆರೆಯವರಿಗೆ ಈ ಪದ ವಿವರಿಸಬೇಕಿಲ್ಲ. ಅವರ ತಾಲ್ಲೂಕಿನ ಬೆಟ್ಟದ ಹೆಸರೇ ಕೆಮ್ಮಣ್ಣುಗುಂಡಿ. 1923ರಲ್ಲಿ ಭದ್ರಾವತಿಯಲ್ಲಿ ಹೊತ್ತಿದ ಕುಲುಮೆಗೆ ಅದಿರು ಕೊಟ್ಟ ಬೆಟ್ಟ ಅದು. ಮಡಕೆಯ ಕೆಂಪೂ ಕಬ್ಬಿಣದ ಅದಿರೂ ಒಂದೇ ಮನೆಯವು. ದಕ್ಷಿಣದಲ್ಲಿ ಕಪ್ಪು-ಕೆಂಪು ಮಡಕೆ ಹರಡಿದ್ದೂ ಜನ ಕಬ್ಬಿಣ ಕಾಯಿಸತೊಡಗಿದ ಕಾಲದಲ್ಲೇ ಎಂಬುದು ಗಮನಿಸಬೇಕಾದ ಸಂಗತಿ. ಒಲೆಯ ಗಾಳಿಯನ್ನು ಪಳಗಿಸದೆ ಎರಡೂ ಆಗುವ ಕೆಲಸವಲ್ಲ.

ಮಡಕೆ-ಕಬ್ಬಿಣದ ಈ ನಂಟನ್ನು ನಮಗೆ ಹೇಳಿದ ನೆಲೆಗಳು ತರೀಕೆರೆ, ಅಜ್ಜಂಪುರ, ಕಡೂರು ತಾಲ್ಲೂಕುಗಳ ನೀರು ಹರಿದುಹೋಗುವ ದಿಕ್ಕಿನಲ್ಲೇ ಇವೆ. ಲಕ್ಕವಳ್ಳಿಯ ಅಣೆಕಟ್ಟು ದಾಟಿದ ಭದ್ರೆ ಕೂಡ್ಲಿಯಲ್ಲಿ ತುಂಗೆಯನ್ನು ಸೇರಿ ಉತ್ತರಕ್ಕೆ ಹರಿದರೆ ಹಾವೇರಿ ಜಿಲ್ಲೆಯ ಹಳ್ಳೂರು ಸಿಗುತ್ತದೆ. ಬಾಬಾಬುಡನ್‌ಗಿರಿಯಲ್ಲಿ ಹುಟ್ಟಿದ ವೇದಾ ಮತ್ತು ಆವತಿ ಕಡೂರಿನ ಬಳಿ ಕೂಡಿ ವೇದಾವತಿಯಾಗಿ ಚಿತ್ರದುರ್ಗದ ಬಯಲಿಗೆ ಇಳಿಯುತ್ತವೆ; ಆ ಸೀಮೆಯ ಮೊಳಕಾಲ್ಮುರು ತಾಲ್ಲೂಕಿನಲ್ಲಿ ಬ್ರಹ್ಮಗಿರಿ ಇದೆ. ಅಲ್ಲಿ ಬಿ.ಎಲ್. ರೈಸ್ 1892ರಲ್ಲಿ ಅಶೋಕನ ಶಾಸನ ಕಂಡುಹಿಡಿದರು. ಚಿಕ್ಕಮಗಳೂರು ಜಿಲ್ಲೆಯನ್ನು ಆಗ ಕಡೂರು ಜಿಲ್ಲೆ ಎನ್ನುತ್ತಿದ್ದರು. ಅದರ ಶಾಸನಗಳ ಸಂಪುಟವನ್ನು ಹೊರತಂದವರೂ ಇದೇ ರೈಸ್. ಕಲ್ಲಿನ ಅಕ್ಷರಕ್ಕೆ ಅಷ್ಟು ಬೇಗ ಸಿಕ್ಕ ಗೌರವ ಮಣ್ಣಿನ ಚೂರಿಗೆ ಸಿಗಲು ತಡವಾಯಿತು. ಬ್ರಹ್ಮಗಿರಿಯಲ್ಲಿ ಮೊದಲು ಅಗೆದವರು ಮೈಸೂರಿನ ಎಂ.ಎಚ್. ಕೃಷ್ಣ. 1947ರಲ್ಲಿ ಮಾರ್ಟಿಮರ್ ವೀಲರ್ ಬಂದು ನೆಲವನ್ನು ಪದರ ಪದರವಾಗಿ ಬಿಡಿಸಿದರು. ಕೆಳಗೆ ಕಲ್ಲುಕೊಡಲಿಯ ಜನರ ಬೂದುಬಣ್ಣದ ಒರಟು ಮಡಕೆ, ಅದರ ಮೇಲೆ ಬೃಹತ್ ಶಿಲಾಸಮಾಧಿಗಳವರ ಕಪ್ಪು-ಕೆಂಪು, ಇನ್ನೂ ಮೇಲೆ ಸಾತವಾಹನರ ಕಾಲದ್ದು.

ಆ ನಡುವಿನ ಪದರವನ್ನು ವೀಲರ್ ಕ್ರಿ.ಪೂ. 2ನೇ ಶತಮಾನದ ಆಸುಪಾಸಿನಿಂದ ಎಣಿಸಿದ್ದರು. 1965ರಲ್ಲಿ ಎಂ.ಎಸ್. ನಾಗರಾಜರಾವ್ ಹಳ್ಳೂರಿನಲ್ಲಿ ಅಗೆದರು. ಅಲ್ಲಿ ಕಪ್ಪು-ಕೆಂಪು ಮಡಕೆಯ ಜೊತೆ ಕಬ್ಬಿಣ ಸಿಕ್ಕಿತು. ಇದ್ದಿಲಿನ ಕಾರ್ಬನ್ ಪರೀಕ್ಷೆ ಅದರ ಕಾಲವನ್ನು ಕ್ರಿ.ಪೂ. 1000ದ ಹೊತ್ತಿಗೆ ಒಯ್ದಿತು. ನಮ್ಮ ಕಬ್ಬಿಣಯುಗಕ್ಕೆ ಒಂದೇ ಏಟಿಗೆ ಏಳೆಂಟು ನೂರು ವರ್ಷ ಹೆಚ್ಚಿತು.

ಈಜಿಪ್ಟಿನಲ್ಲೂ ಕಾಲದ ಬೀಗ ತೆರೆದದ್ದು ಮಡಕೆಯೇ. 1894-95ರ ಚಳಿಗಾಲದಲ್ಲಿ ಫ್ಲಿಂಡರ್ಸ್ ಪೆಟ್ರಿ ನಕಾದಾದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಗೋರಿ ತೆರೆದರು. ಆ ಮಡಕೆಗಳು ಈಜಿಪ್ಟಿನವು ಎಂದು ಅವರಿಗೆ ಅನ್ನಿಸಲಿಲ್ಲ. ಹೊರಗಿನಿಂದ ನುಗ್ಗಿದ ಹೊಸ ಜನಾಂಗದ್ದು ಎಂದುಕೊಂಡರು. ತಪ್ಪು ತಿಳಿದ ಮೇಲೆ ಅವರು ಮಾಡಿದ ಕೆಲಸ ದೊಡ್ಡದು. ಸುಮಾರು 900 ಗೋರಿಗಳಿಗೆ ಒಂದೊಂದು ಕಾಗದದ ಪಟ್ಟಿ, ಪಟ್ಟಿಯ ಮೇಲೆ ಆ ಗೋರಿಯ ಮಡಕೆಗಳ ಬಗೆ. ಪಟ್ಟಿಗಳನ್ನು ಜರುಗಿಸುತ್ತ ಜರುಗಿಸುತ್ತ, ಒಂದು ಬಗೆ ಹುಟ್ಟಿ ಬೆಳೆದು ಮರೆಯಾಗುವ ಕ್ರಮ ಹಿಡಿದರು. ಅಲೆಯಂತಿದ್ದ ಹಿಡಿಕೆ ಕ್ರಮೇಣ ಸವೆದು ಕೊನೆಗೆ ಬರೀ ಗೆರೆಯಾಗಿ ಉಳಿಯುವುದು ಅವರಿಗೆ ಸಿಕ್ಕ ದೊಡ್ಡ ಸುಳಿವು. ಆ ಕ್ರಮಕ್ಕೆ 30ರಿಂದ 80ರವರೆಗೆ ಅಂಕೆ ಕೊಟ್ಟು, ಮುಂದೆ ಇನ್ನೂ ಹಳೆಯದು ಸಿಕ್ಕೀತೆಂದು 30ಕ್ಕಿಂತ ಕೆಳಗಿನ ಅಂಕೆಗಳನ್ನು ಖಾಲಿ ಬಿಟ್ಟರು. ಅದೇ ಬದಾರಿಯವರಿಗೆ ಜಾಗವಾಯಿತು.

ಮಡಕೆಯಲ್ಲಿ ಏನು ಬೇಯುತ್ತಿತ್ತು ಎಂದು ಕೇಳಿದರೆ ಈ ಸೀಮೆಯವರಿಗೆ ಉತ್ತರ ಮನೆಯದೇ ಅನ್ನಿಸೀತು. ದಕ್ಷಿಣದ ನವಶಿಲಾಯುಗದ ನೆಲೆಗಳಲ್ಲಿ ಸುಟ್ಟು ಕರಿಕಾದ ಕಾಳುಗಳು ಸಿಕ್ಕಿವೆ: ಹುರುಳಿ, ಹೆಸರು, ಕೊರಲೆ. ಕಡೂರಿನ ಮಳೆಯಾಸರೆಯ ಹೊಲಗಳಲ್ಲಿ ಹುರುಳಿ ಇಂದಿಗೂ ಬೆಳೆಯುತ್ತದೆ. ಅದು ಅವಸರದಲ್ಲಿ ಬೇಯುವ ಕಾಳಲ್ಲ. ಸಣ್ಣ ಉರಿಯಲ್ಲಿ ಬಹಳ ಹೊತ್ತು ಕೂರಬೇಕು. ಗುಂಡುತಳದ ಮಣ್ಣಿನ ಮಡಕೆ ಅದಕ್ಕೆಂದೇ ಹುಟ್ಟಿದಂತಿದೆ: ಮೂರು ಕಲ್ಲಿನ ಮೇಲೆ ಅಲುಗದೆ ನಿಲ್ಲುತ್ತದೆ, ಬೆಂಕಿ ಸುತ್ತಲೂ ಸಮನಾಗಿ ತಾಗುತ್ತದೆ, ಮೂಲೆಯಿಲ್ಲದ್ದರಿಂದ ಬಿರುಕೂ ಕಡಿಮೆ. ಕೊಕ್ಕಿನಂಥ ಬಾಯಿಯ ಬಟ್ಟಲುಗಳೂ ತೂತುಗಳಿರುವ ಪಾತ್ರೆಗಳೂ ಸಿಕ್ಕಿವೆ. ಒಲೆಯಿಂದ ಇಳಿಸಿದ ಗುಂಡುಮಡಕೆ ಉರುಳದಿರಲು ಶಿಲಾಸಮಾಧಿಯ ಜನ ಮಣ್ಣಿನದೇ ಬಳೆ ಮಾಡಿ ಸುಟ್ಟಿದ್ದರು. ನಮ್ಮ ಹೆಂಗಸರು ಬಟ್ಟೆಯಿಂದಲೋ ಹುಲ್ಲಿನಿಂದಲೋ ಸುತ್ತುತ್ತಿದ್ದ ಸಿಂಬಿಯ ಅಜ್ಜಿ ಅದು.

ಸುಟ್ಟ ಮಣ್ಣು ಅಡುಗೆಗಷ್ಟೇ ಅಲ್ಲ, ಮಲಗಲೂ ಬೇಕಾಗಿತ್ತು: ತಿರುಮಕೂಡಲು ನರಸೀಪುರದ ಸಂಗಮದಲ್ಲಿ ಮಣ್ಣಿನ ತಲೆದಿಂಬು ಸಿಕ್ಕಿದೆ. ಈಜಿಪ್ಟಿನವರೂ ಮರದ, ಕಲ್ಲಿನ ತಲೆದಿಂಬಿನ ಮೇಲೆ ಕತ್ತು ಇಟ್ಟು ಮಲಗುತ್ತಿದ್ದರು.

ಎಳೆಯ ಮಕ್ಕಳು ತೀರಿಕೊಂಡರೆ ಮಡಕೆಯೊಳಗೆ ಇಟ್ಟು ಹೂಳುವುದು ಇಲ್ಲಿಯೂ ಇತ್ತು, ಈಜಿಪ್ಟಿನಲ್ಲಿಯೂ ಇತ್ತು. ಬ್ರಹ್ಮಗಿರಿ, ಹಳ್ಳೂರು, ತೆಕ್ಕಲಕೋಟೆಗಳಲ್ಲಿ ಅಂಥ ಮಡಕೆಗಳು ಜನ ಬಾಳಿದ ನೆಲೆಯಲ್ಲೇ ಸಿಕ್ಕಿವೆ. ಕೂಸನ್ನು ಊರಾಚೆ ಕಳಿಸಲು ಮನಸ್ಸು ಬಾರದೆ ಹತ್ತಿರವೇ ಇಟ್ಟುಕೊಂಡಂತೆ ನನಗೆ ಕಾಣುತ್ತದೆ.

ಈಜಿಪ್ಟಿನ ಹೈರಾಕೊನ್‌ಪೊಲಿಸ್‌ನಲ್ಲಿ ಒಬ್ಬ ಕುಂಬಾರನ ಮನೆ ಸಿಕ್ಕಿದೆ. ಆವಿಗೆಯ ಬೆಂಕಿ ಕೈಮೀರಿ ಮನೆ ಸುಟ್ಟುಹೋಗಿತ್ತು. ಆ ಬೆಂಕಿಯಲ್ಲೇ ಮಣ್ಣಿನ ಗೋಡೆ ಗಟ್ಟಿಯಾಗಿ ಐದು ಸಾವಿರ ವರ್ಷ ಮೀರಿ ಉಳಿಯಿತು. ಆವಿಗೆ ಒಟ್ಟಿದ ದಿನ ಗಾಳಿ ಎತ್ತ ಬೀಸುತ್ತದೆಂದು ಮತ್ತೆ ಮತ್ತೆ ನೋಡುವ ನಮ್ಮ ಕುಂಬಾರರಿಗೆ ಆ ಮನುಷ್ಯನ ಸಂಕಟ ಅರ್ಥವಾಗುತ್ತದೆ. ಕೆರೆಯಂಗಳದ ಜೇಡಿ ತಂದು, ಕಲ್ಲು ಆರಿಸಿ, ನಾದಿ ಹದ ಮಾಡಿ, ತಿಗರಿಯಿಂದ ಇಳಿಸಿದ ಹಸಿ ಮಡಕೆಯ ಒಳಗೊಂದು ಗುಂಡು ಹಿಡಿದು ಹೊರಗಿನಿಂದ ಹಲಗೆಯಲ್ಲಿ ತಟ್ಟಿ ತಟ್ಟಿ ಹೊಟ್ಟೆ ಬರಿಸಿ, ನೆರಳಿನಲ್ಲಿ ಆರಿಸಿ, ಕೆಮ್ಮಣ್ಣು ಬಳಿದು, ಬೆರಣಿ ಸೌದೆ ಹುಲ್ಲು ಹೊದಿಸಿ ಸುಡುವುದರಲ್ಲಿ ಒಂದೊಂದು ಹಂತವೂ ಬಹು ಹಳೆಯದು. ಬೇಸಿಗೆಯಲ್ಲಿ ಕಡೂರು, ಬೀರೂರಿನ ರಸ್ತೆ ಬದಿಯಲ್ಲಿ ಮಡಕೆ ಕೊಳ್ಳುವಾಗ ಬೆರಳಿನಿಂದ ತಟ್ಟಿ ನಾದ ಕೇಳುತ್ತೇವಲ್ಲ, ಸರಿಯಾಗಿ ಬೆಂದಿದೆಯೇ ಎಂದು ತಿಳಿಯಲು ಈಗಲೂ ಅದಕ್ಕಿಂತ ಸುಲಭದ ಪರೀಕ್ಷೆ ಇಲ್ಲ. ಆ ದುಡಿಮೆಗೆ ಕೊಡುವ ಹಣದಲ್ಲಿ ಚೌಕಾಸಿ ಮಾಡುವುದು ನನಗೆ ಸರಿಕಾಣದು.

ಹೊಲ ಉಳುವಾಗ, ಕೆರೆಯ ಹೂಳು ತೆಗೆಯುವಾಗ, ತೋಟಕ್ಕೆ ಜೆಸಿಬಿಯಿಂದ ಗುಂಡಿ ತೋಡಿಸುವಾಗ ಬೋಕಿಗಳು ಮೇಲೆ ಬರುತ್ತವೆ. ಒಳಗೆ ಕಪ್ಪು, ಹೊರಗೆ ಕೆಂಪು ಇರುವ ಚೂರುಗಳು ಒಂದೇ ಕಡೆ ರಾಶಿಯಾಗಿ ಕಂಡರೆ ದಯವಿಟ್ಟು ಆಯ್ದು ಮನೆಗೆ ಒಯ್ಯಬೇಡಿ. ಜಾಗ ತಪ್ಪಿದ ಬೋಕಿ ಹೆಚ್ಚೇನೂ ಹೇಳಲಾರದು. ಪೆಟ್ರಿಗೂ ವೀಲರ್‌ಗೂ ದಾರಿ ತೋರಿದ್ದು ಯಾವ ಚೂರು ಯಾವುದರ ಜೊತೆ, ಯಾವ ಪದರದಲ್ಲಿ ಇತ್ತು ಎಂಬುದು. ಇದ್ದಲ್ಲೇ ಬಿಟ್ಟು ಒಂದು ಫೋಟೊ ತೆಗೆಯಿರಿ, ಸರ್ವೆ ನಂಬರ್ ಬರೆದುಕೊಳ್ಳಿ, ರಾಜ್ಯ ಪುರಾತತ್ವ ಇಲಾಖೆಗೋ ಹತ್ತಿರದ ಕಾಲೇಜಿನ ಇತಿಹಾಸ ಅಧ್ಯಾಪಕರಿಗೋ ತಿಳಿಸಿ.