ಕಾಮಕಸ್ತೂರಿ: ಅಂಗಳದ ಶೋಭೆ, ಜೇನುನೊಣಗಳಿಗೆ ದಾಸೋಹ

ಬಸವಾದಿ ಶರಣರು ಕಾಯಕವನ್ನೂ ದಾಸೋಹವನ್ನೂ ಬೇರೆ ಬೇರೆಯಾಗಿ ಕಾಣಲಿಲ್ಲ. ಅವರು ಬೋಧಿಸಿದ ದಯೆ ಮನುಷ್ಯರಿಗಷ್ಟೇ ಅಲ್ಲ, ಸಕಲ ಜೀವಿಗಳಿಗೂ ಸಲ್ಲತಕ್ಕದ್ದು. ಆ ದಯೆಯನ್ನು ಆಚರಣೆಗೆ ತರಲು ಮನೆಯಂಗಳದ ಕಾಮಕಸ್ತೂರಿ ಗಿಡವೂ ಒಂದು ಸುಲಭ ಸಾಧನ.

ಕಾಮಕಸ್ತೂರಿಯು ತುಳಸಿಯ ಕುಲಕ್ಕೆ ಸೇರಿದ ಸುಗಂಧದ ಗಿಡ. ಎರಡು ಅಡಿಯವರೆಗೆ ಪೊದೆಯಂತೆ ಬೆಳೆದು, ಬಿಳಿ ಅಥವಾ ತಿಳಿನೇರಳೆ ಹೂಗಳ ತೆನೆಗಳನ್ನು ತಳೆಯುತ್ತದೆ. ಇದರ ಬೀಜವನ್ನು ನೀರಿನಲ್ಲಿ ನೆನೆಸಿ ಬೇಸಗೆಯ ಪಾನಕಕ್ಕೆ ಸೇರಿಸುವ ರೂಢಿ ನಮ್ಮಲ್ಲಿದೆ.

ತೆನೆಯ ಹೂಗಳು ಒಮ್ಮೆಲೇ ಅರಳದೆ ಬುಡದಿಂದ ತುದಿಯತ್ತ ದಿನದಿನವೂ ಕೆಲವಷ್ಟೇ ಅರಳುತ್ತವೆ. ಆದ್ದರಿಂದ ತುಡುವೆ, ಕೋಲುಜೇನು, ಮುಜಂಟಿಗಳಿಗೆ ಅನೇಕ ದಿನ ಮಕರಂದ ದೊರೆಯುತ್ತದೆ. ಹೀಗೆ ಬಂದ ನೊಣಗಳು ಹಿತ್ತಿಲಿನ ಬಳ್ಳಿಗಳಿಗೂ ಉಪಕಾರಿಗಳು. ಕುಂಬಳ, ಸೌತೆ, ಹೀರೆಗಳಲ್ಲಿ ಗಂಡು ಹೂವೂ ಹೆಣ್ಣು ಹೂವೂ ಪ್ರತ್ಯೇಕವಾಗಿರುತ್ತವೆ. ಪರಾಗವನ್ನು ಒಂದರಿಂದ ಇನ್ನೊಂದಕ್ಕೆ ಒಯ್ಯುವ ಕೀಟವಿಲ್ಲದಿದ್ದರೆ ಹೀಚು ಬಲಿಯದೆ ಉದುರುತ್ತದೆ.

ಬೆಳೆಸುವ ಕ್ರಮ ಸರಳ. ಬೀಜ ಬಹು ಸಣ್ಣದು. ನೆನೆದರೆ ಲೋಳೆಯಾಗಿ ಒಂದಕ್ಕೊಂದು ಅಂಟುವುದರಿಂದ ಒಣಗಿದ್ದಾಗಲೇ ಮರಳಿನೊಡನೆ ಬೆರೆಸಿ ಸಸಿಮಡಿಯಲ್ಲಿ ಚೆಲ್ಲಬೇಕು. ಮೇಲೆ ತೆಳುವಾಗಿ ಮಣ್ಣು ಹರಡಿ, ನೀರನ್ನು ಚಿಮುಕಿಸಿದರೆ ಸಾಕು. ನಾಲ್ಕಾರು ಎಲೆ ಬಂದ ಸಸಿಗಳನ್ನು ಬಿಸಿಲು ಬೀಳುವ, ನೀರು ನಿಲ್ಲದ ಸ್ಥಳದಲ್ಲಿ ಒಂದೂವರೆ ಅಡಿ ಅಂತರದಲ್ಲಿ ನೆಡಬೇಕು. ಕುಂಡದಲ್ಲಿಯೂ ಬೆಳೆಯಬಹುದು. ಎಳೆಯ ಗಿಡದ ಕುಡಿ ಚಿವುಟಿದರೆ ಕವಲೊಡೆದು ಹೆಚ್ಚು ತೆನೆ ಬರುತ್ತವೆ. ಮುಂಗಾರಿನಲ್ಲೊಮ್ಮೆ, ಮಳೆಗಾಲ ಕಳೆದ ಮೇಲೆ ಮತ್ತೊಮ್ಮೆ ಬಿತ್ತಿದರೆ ಹೂವಿನ ಕಾಲ ದೀರ್ಘವಾಗುತ್ತದೆ. ಕೀಟನಾಶಕವನ್ನು ಮಾತ್ರ ಸಿಂಪಡಿಸಲೇಬಾರದು. ಉಣಬಡಿಸುವ ಎಲೆಗೆ ವಿಷ ಬಳಿದಂತಾದೀತು.

ಇಲ್ಲಿ ನಮ್ಮ ತಪ್ಪೊಂದನ್ನು ಹೇಳಿಕೊಳ್ಳಬೇಕು. ಶ್ರೀಮಠದ ಹೂದೋಟದಲ್ಲಿ ನಾವು ಬಹುಕಾಲ ಪೂಜೆಗೆಂದು ಬೆಳಗಿನ ಜಾವದಲ್ಲೇ ತೆನೆಗಳನ್ನೆಲ್ಲ ಕೊಯ್ಯುತ್ತಿದ್ದೆವು. ಬಿಸಿಲೇರಿದ ಮೇಲೆ ಬಂದ ನೊಣಗಳು ಬರಿಯ ಗಿಡವನ್ನು ಸುತ್ತಿ ಹಿಂದಿರುಗುತ್ತಿದ್ದವು. ಹಸಿದು ಬಂದವರನ್ನು ಹಾಗೆಯೇ ಕಳುಹಿಸುವುದು ದಾಸೋಹದ ಮನೆಗೆ ಒಪ್ಪುವ ನಡೆಯೇ? ಈಗ ಅರ್ಧದಷ್ಟು ತೆನೆಗಳನ್ನು ಗಿಡದಲ್ಲಿಯೇ ಬಿಡುತ್ತೇವೆ. ಅವು ಒಣಗಿದ ಬಳಿಕ ಮುಂದಿನ ಬಿತ್ತನೆಗೆ ಬೀಜವೂ ದೊರೆಯುತ್ತದೆ. ಪೂಜೆಗೆ ಇದರಿಂದ ಯಾವ ಕೊರತೆಯೂ ಆಗಿಲ್ಲ.

ಒಣಗುತ್ತಿರುವ ತೆನೆಗಳಿಂದ ಅಂಗಳದ ಅಂದ ಕೆಡುವುದೆಂದು ಕೆಲವರು ಹೇಳುವುದುಂಟು. ಬೆಳಗಿನ ಬಿಸಿಲಿನಲ್ಲಿ ಆ ಗಿಡದ ಬಳಿ ಒಂದು ಗಳಿಗೆ ನಿಂತು, ನೊಣಗಳ ಕಾಯಕವನ್ನು ನೋಡಿದರೆ ಆ ಮಾತು ತಾನಾಗಿ ಹಿಂದೆ ಸರಿಯುತ್ತದೆ. ಕರಸ್ಥಲದ ಇಷ್ಟಲಿಂಗಕ್ಕೆ ಏರಿಸಿದ ಹೂವಿನಂತೆ, ಜೀವಿಗಳಿಗಾಗಿ ಗಿಡದಲ್ಲಿ ಉಳಿಸಿದ ಹೂವೂ ಶಿವಾರ್ಪಿತವೇ ಎಂದು ನಾವು ಭಾವಿಸುತ್ತೇವೆ. ಸದ್ಭಕ್ತರು ತಮ್ಮ ಮನೆಗಳಲ್ಲಿ ಎರಡು ಗಿಡಗಳನ್ನಾದರೂ ನೆಟ್ಟು, ಅವುಗಳ ಅರ್ಧವನ್ನು ಜೇನಿಗೆ ಬಿಡಬೇಕೆಂದು ಕೋರುತ್ತೇವೆ.