ಟಿಕೆಟ್ ದುಡ್ಡು ಮೊದಲು ಯಾರ ಜೇಬಿನಿಂದ?

‘ಪಕ್ಕದ ಮನೆ ಹುಡುಗಿಗೆ ಸ್ಕಾಲರ್‌ಶಿಪ್ ಸಿಕ್ತಂತೆ, ಫಾರಿನ್‌ಗೆ ಹೋಗ್ತಾಳಂತೆ’ ಅಂತ ಸುದ್ದಿ ಬಂದರೆ ನಾವೆಲ್ಲ ಖುಷಿ ಪಡ್ತೀವಿ. ಆದರೆ ಆ ದುಡ್ಡು ಯಾವಾಗ ಕೈಗೆ ಬರುತ್ತೆ ಅಂತ ಯಾರೂ ಕೇಳಲ್ಲ. ಇವತ್ತು ಆ ಪ್ರಶ್ನೆಯನ್ನೇ ಕೇಳೋಣ.

ನಾನು ಮಾತಾಡ್ತಾ ಇರೋದು ಎಂಪಿಎಚ್, ಅಂದರೆ ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಪದವಿ ಓದೋ ಮಕ್ಕಳ ಬಗ್ಗೆ. ನಮ್ಮ ದೇಶದಲ್ಲಿ ಈ ಕೋರ್ಸ್‌ಗೆ ದಾರಿ ಹಾಕಿದ್ದು ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ, 1997ರಲ್ಲಿ. ಇವತ್ತು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ, ಮಣಿಪಾಲದಲ್ಲಿದೆ, ಗದಗದ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯದಲ್ಲೂ ಇದೆ. ಡಾಕ್ಟರು ಎದುರಿಗೆ ಕೂತ ಒಬ್ಬ ರೋಗಿಯನ್ನು ನೋಡ್ತಾರೆ. ಇವರು ಇಡೀ ಊರನ್ನು ನೋಡ್ತಾರೆ. ಜ್ವರ ಎಲ್ಲಿಂದ ಬಂತು, ನೀರಲ್ಲಿ ಏನಿದೆ, ಲಸಿಕೆ ಯಾವ ಕೇರಿಗೆ ತಲುಪಲಿಲ್ಲ, ಇದು ಇವರ ಕೆಲಸ.

ಈಗ ದುಡ್ಡಿನ ಲೆಕ್ಕಕ್ಕೆ ಬನ್ನಿ. ಗೇಟ್ ಪಾಸಾಗಿ ಎಂ.ಟೆಕ್ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ಸಿಗುತ್ತೆ. ಎಂ.ಡಿ. ಓದೋ ವೈದ್ಯರಿಗೆ ಸ್ಟೈಪೆಂಡ್ ಇದೆ. ಪಿಎಚ್.ಡಿ.ಗೆ ಹೋಗಿ ಜೆಆರ್‌ಎಫ್ ಪಡೆದರೆ 2023ರ ಜನವರಿಯಿಂದ ತಿಂಗಳಿಗೆ 37,000. ಎಂಪಿಎಚ್ ವಿದ್ಯಾರ್ಥಿಗೆ? ಸಾಮಾನ್ಯವಾಗಿ ಏನೂ ಇಲ್ಲ. ಅವರೇ ಫೀಸು ಕಟ್ಟಬೇಕು.

ಹಾಗಾದರೆ ನೆರವೇ ಇಲ್ವಾ? ಇದೆ. ಫುಲ್‌ಬ್ರೈಟ್-ನೆಹರೂ ಮಾಸ್ಟರ್ಸ್ ಫೆಲೋಶಿಪ್‌ನ ವಿಷಯಗಳಲ್ಲಿ ಸಾರ್ವಜನಿಕ ಆರೋಗ್ಯವೂ ಒಂದು. ಅಮೆರಿಕಕ್ಕೆ ಹೋಗಿ ಬರುವ ವಿಮಾನದ ಖರ್ಚು, ವಾಸದ ಖರ್ಚು ಅದರಲ್ಲೇ ಬರುತ್ತೆ, ಆದರೆ ಮೂರು ವರ್ಷ ಕೆಲಸ ಮಾಡಿದ ಅನುಭವ ಬೇಕು. ಬ್ರಿಟನ್ನಿನ ಚೀವ್‌ನಿಂಗ್ ಎರಡು ವರ್ಷದ ಅನುಭವ ಕೇಳುತ್ತೆ. ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ, ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂಮಿ ಇಲ್ಲದ ಕೃಷಿ ಕಾರ್ಮಿಕರ ಮಕ್ಕಳಿಗೆ. ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷ ಮೀರಬಾರದು. ನಮ್ಮ ರಾಜ್ಯದಲ್ಲಿ ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ‘ಪ್ರಬುದ್ಧ’ ಯೋಜನೆ ಇದೆ. ಇವೆಲ್ಲ ವಿದೇಶದಲ್ಲಿ ಡಿಗ್ರಿ ಓದೋದಕ್ಕೆ.

ಇಲ್ಲೇ ಓದಿ, ಇಲ್ಲೇ ಸಂಶೋಧನೆ ಮಾಡಿ, ಅದನ್ನು ಒಂದು ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಮಂಡಿಸೋಕೆ ಹೋಗಬೇಕು ಅಂದರೆ ಬೇರೆ ದಾರಿ. ಅದೇ ಟ್ರಾವೆಲ್ ಅವಾರ್ಡ್. ಕೆಲವನ್ನು ಸಮ್ಮೇಳನದವರು ಕೊಡ್ತಾರೆ, ಕೆಲವನ್ನು ಐಸಿಎಂಆರ್‌ನಂಥ ಸರ್ಕಾರಿ ಸಂಸ್ಥೆಗಳು. ಸಮಸ್ಯೆ ಇರೋದು ಇಲ್ಲಿ. ಇಂಥ ಎಷ್ಟೋ ಅವಾರ್ಡ್‌ಗಳಲ್ಲಿ ಮೊದಲು ನೀವು ಖರ್ಚು ಮಾಡಬೇಕು. ವಾಪಸ್ ಬಂದು ಬಿಲ್ಲು, ಬೋರ್ಡಿಂಗ್ ಪಾಸು ಎಲ್ಲ ಕೊಟ್ಟ ಮೇಲೆ ದುಡ್ಡು ಬರುತ್ತೆ.

ಒಂದು ಉದಾಹರಣೆ ತಗೊಳ್ಳೋಣ. ಸೊರಬದ ಕಡೆಯ ಒಬ್ಬ ಹುಡುಗಿ ಅಂದುಕೊಳ್ಳಿ. ಅಪ್ಪನಿಗೆ ಒಂದೆಕರೆ ಅಡಿಕೆ ತೋಟ. ಇವಳು ಓದಿದ್ದು ಮಂಗನ ಕಾಯಿಲೆ ಬಗ್ಗೆ, 1957ರಲ್ಲಿ ಇದೇ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಲ್ಲಿ ಪತ್ತೆಯಾದ ಕಾಯಿಲೆ. ದರಗು ತರೋಕೆ ಯಾರು ಯಾವಾಗ ಕಾಡಿಗೆ ಹೋಗ್ತಾರೆ, ಉಣ್ಣಿ ಎಲ್ಲಿ ಹತ್ತುತ್ತೆ, ಜ್ವರ ಬಂದರೂ ಆಸ್ಪತ್ರೆಗೆ ಯಾಕೆ ತಡವಾಗಿ ಬರ್ತಾರೆ, ಎಲ್ಲ ಅವಳಿಗೆ ಗೊತ್ತು. ಯುರೋಪಿನಲ್ಲಿ ಸಮ್ಮೇಳನ. ಅವಳ ಪ್ರಬಂಧ ಆಯ್ಕೆ ಆಯ್ತು, ಅವಾರ್ಡೂ ಸಿಕ್ತು. ಟಿಕೆಟ್ಟು, ನೋಂದಣಿ, ವೀಸಾ, ವಿಮೆ, ರೂಮು ಎಲ್ಲ ಸೇರಿ ಒಂದೂವರೆ ಲಕ್ಷ ಅಂತಿಟ್ಟುಕೊಳ್ಳಿ. ಅಪ್ಪ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಗೆ ಕೈಸಾಲ ತಂದರೆ ತಿಂಗಳಿಗೆ 3,000. ದುಡ್ಡು ವಾಪಸ್ ಬರೋಕೆ ಐದು ತಿಂಗಳಾದರೆ 15,000. ಆ ಬಡ್ಡಿಗೆ ಬಿಲ್ ಇಲ್ಲ, ಅದನ್ನು ಯಾರೂ ತುಂಬಿಕೊಡಲ್ಲ.

ಇನ್ನು ವೀಸಾ. ಷೆಂಗೆನ್ ವೀಸಾ ಶುಲ್ಕ 2024ರ ಜೂನ್‌ನಿಂದ 90 ಯೂರೋ. ನಿರಾಕರಿಸಿದರೆ ಆ ದುಡ್ಡು ವಾಪಸ್ ಇಲ್ಲ. 2022ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಅಂತರರಾಷ್ಟ್ರೀಯ ಏಡ್ಸ್ ಸಮ್ಮೇಳನ ನಡೀತು. ಆಫ್ರಿಕಾ ಸೇರಿದಂತೆ ಹಲವು ಕಡೆಯ ಪ್ರತಿನಿಧಿಗಳಿಗೆ ವೀಸಾನೇ ಸಿಗಲಿಲ್ಲ. ಏಡ್ಸ್‌ನಿಂದ ಹೆಚ್ಚು ನರಳಿದ ಜನರೇ ಏಡ್ಸ್ ಸಭೆಯಿಂದ ಹೊರಗೆ!

ಇದರಿಂದ ನಷ್ಟ ಯಾರಿಗೆ? ಕೈಯಲ್ಲಿ ದುಡ್ಡಿರೋ ಮನೆಯ ಮಕ್ಕಳಿಗೆ ಈ ಕ್ರಮದಿಂದ ತೊಂದರೆ ಇಲ್ಲ, ಅವರು ಹೋಗಿ ಬರ್ತಾರೆ. ಸೊರಬದ ಹುಡುಗಿ ‘ಬೇಡ ಬಿಡಿ’ ಅಂತ ಮೇಲ್ ಕಳಿಸಿ ಸುಮ್ಮನಾಗ್ತಾಳೆ. ಅವಳ ಹೆಸರು ಯಾವ ಪಟ್ಟಿಯಲ್ಲೂ ‘ಬಡತನದಿಂದ ಬರಲಿಲ್ಲ’ ಅಂತ ದಾಖಲಾಗಲ್ಲ. ನಮ್ಮ ಮಲೆನಾಡಿನ ಕಾಯಿಲೆ ಬಗ್ಗೆ ಅಲ್ಲಿ ಮಾತಾಡೋರು ಮಲೆನಾಡು ನೋಡದವರಾಗ್ತಾರೆ.

ಇದಕ್ಕೆ ದೊಡ್ಡ ಬಜೆಟ್ ಬೇಕಾಗಿಲ್ಲ. ಅವಾರ್ಡ್ ಕೊಡೋರು ಟಿಕೆಟ್ಟನ್ನು ತಾವೇ ಬುಕ್ ಮಾಡಲಿ. ಆಗದಿದ್ದರೆ ಮುಕ್ಕಾಲು ಭಾಗ ಮುಂಗಡ ಕೊಡಲಿ. ವಿಶ್ವವಿದ್ಯಾಲಯಗಳು ಹತ್ತೋ ಹದಿನೈದೋ ಲಕ್ಷದ ಒಂದು ನಿಧಿ ಇಡಲಿ. ವಿದ್ಯಾರ್ಥಿ ಅದರಿಂದ ಬಡ್ಡಿ ಇಲ್ಲದೆ ತಗೊಂಡು ಹೋಗಿ ಬರಲಿ, ಅವಾರ್ಡ್ ದುಡ್ಡು ನೇರ ನಿಧಿಗೆ ವಾಪಸ್ ಸೇರಲಿ, ಅದೇ ದುಡ್ಡು ಮುಂದಿನವರಿಗೆ ಆಗಲಿ.

ಮಕ್ಕಳಿಗೂ ಒಂದು ಮಾತು. ಅರ್ಜಿ ಹಾಕೋ ಮೊದಲೇ ಮೂರು ಪ್ರಶ್ನೆ ಕೇಳಿ: ದುಡ್ಡು ಮುಂಚೆ ಕೊಡ್ತೀರಾ, ಆಮೇಲಾ? ವೀಸಾ ಶುಲ್ಕ ಸೇರಿದೆಯಾ? ವೀಸಾ ಸಿಗದಿದ್ದರೆ ಟಿಕೆಟ್ ನಷ್ಟ ಯಾರದ್ದು? ಸಂಕೋಚ ಬೇಡ. ಅವಾರ್ಡ್ ಸಿಕ್ಕ ಮೇಲೂ ‘ನನ್ನ ಹತ್ತಿರ ಮುಂಗಡ ಹಾಕೋಕೆ ಹಣ ಇಲ್ಲ’ ಅಂತ ಸ್ಪಷ್ಟವಾಗಿ ಬರೆದು ಕೇಳಿ. ಆ ಜಾಗ ನಿಮಗೆ ಸಿಕ್ಕಿದ್ದು ನಿಮ್ಮ ಕೆಲಸದಿಂದ, ಅವರ ಕೃಪೆಯಿಂದ ಅಲ್ಲ.